ಚುಚ್ಚುಮದ್ದಿನ ಭಯ, ಆಪರೇಷನ್ನಿನ ನಿರ್ಭಯ: ಗರ್ಭನಿರೋಧಕಗಳನ್ನು ತೂಗಿ ನೋಡುವ ಬಗೆ

ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರಾ’ ಎಂಬ ಹೆಸರಿನಿಂದ ಉಚಿತವಾಗಿ ಕೊಡುವ ಗರ್ಭನಿರೋಧಕ ಚುಚ್ಚುಮದ್ದಿನಲ್ಲಿರುವ ಔಷಧಿಗೂ ಮೆದುಳಿನ ಗಡ್ಡೆಗೂ ನಂಟಿದೆ ಎಂಬ ಸುದ್ದಿ ಕೆಲಕಾಲದಿಂದ ಓದುಗರನ್ನು ಕಾಡುತ್ತಿದೆ. ಅಮೆರಿಕದಲ್ಲಿ ಇದೇ ಔಷಧಿಯನ್ನು ‘ಡೆಪೊ-ಪ್ರೊವೆರಾ’ ಎಂಬ ಹೆಸರಿನಲ್ಲಿ ಮಾರುವ ಕಂಪನಿಯ ಮೇಲೆ ಮಹಿಳೆಯರು ಮೊಕದ್ದಮೆ ಹೂಡಿದ್ದಾರೆ. ಯುರೋಪಿನ ಔಷಧ ನಿಯಂತ್ರಕರು 2024ರಲ್ಲಿ ಎಚ್ಚರಿಕೆಯ ಸೂಚನೆ ನೀಡಿದ್ದಾರೆ. ಇತ್ತ ನಮ್ಮಲ್ಲಿ ಅದೇ ಚುಚ್ಚುಮದ್ದನ್ನು ಆಶಾ ಕಾರ್ಯಕರ್ತೆಯರು ಹೊಸದಾಗಿ ಹೆತ್ತ ತಾಯಂದಿರಿಗೆ ಪರಿಚಯಿಸುತ್ತಿದ್ದಾರೆ. ಇದರ ನಡುವೆ ಆಂಧ್ರಪ್ರದೇಶ ಮತ್ತು ತಮಿಳುನಾಡಿನ ಮುಖ್ಯಮಂತ್ರಿಗಳು ಜನರು ಹೆಚ್ಚು ಮಕ್ಕಳನ್ನು ಪಡೆಯಬೇಕೆಂದು 2024ರ ಅಕ್ಟೋಬರಿನಲ್ಲಿ ಆಡಿದ ಮಾತುಗಳೂ ಸೇರಿಕೊಂಡು, ಸರ್ಕಾರಕ್ಕೆ ನಿಜವಾಗಿ ಬೇಕಾಗಿರುವುದೇನು ಎಂಬ ಪ್ರಶ್ನೆ ಎದ್ದಿದೆ.

ಈ ಸುದ್ದಿಗಳನ್ನು ಬಿಡಿಬಿಡಿಯಾಗಿ ಓದಿದರೆ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಏಕೆಂದರೆ ಒಂದು ವಿಧಾನದ ಬಗ್ಗೆ ಭಯ ಹುಟ್ಟಿದಾಗ ದಂಪತಿಗಳು ಗರ್ಭನಿರೋಧವನ್ನೇ ಕೈಬಿಡುವುದು ಅಪರೂಪ; ಅವರು ಮತ್ತೊಂದು ವಿಧಾನದತ್ತ ಹೊರಳುತ್ತಾರೆ. ಕರ್ನಾಟಕದಲ್ಲಿ ಆ ಮತ್ತೊಂದು ವಿಧಾನ ಬಹುಪಾಲು ಒಂದೇ, ಹೆಣ್ಣಿನ ಸಂತಾನಹರಣ ಶಸ್ತ್ರಚಿಕಿತ್ಸೆ. ಹಾಗಾಗಿ ಚುಚ್ಚುಮದ್ದಿನ ಅಪಾಯವನ್ನು ಶೂನ್ಯದ ಜೊತೆಗೆ ಹೋಲಿಸದೆ, ಅದರ ಬದಲಿಗೆ ಬರುವ ಆಪರೇಷನ್ನಿನ ಅಪಾಯದ ಜೊತೆಗೂ, ಏನನ್ನೂ ಬಳಸದಿದ್ದರೆ ನಿಲ್ಲುವ ಗರ್ಭದ ಅಪಾಯದ ಜೊತೆಗೂ ಹೋಲಿಸಬೇಕಾಗುತ್ತದೆ.

ಐದೂವರೆ ಪಟ್ಟು ಎಂದರೆ ಎಷ್ಟು?

ಭಯಕ್ಕೆ ಮೂಲವಾದದ್ದು 2024ರ ಮಾರ್ಚಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಫ್ರಾನ್ಸ್ ದೇಶದ ಅಧ್ಯಯನ. ಮೆನಿಂಜಿಯೋಮಾ ಎಂಬುದು ಮೆದುಳನ್ನು ಸುತ್ತುವರಿದಿರುವ ಪೊರೆಯಲ್ಲಿ ಬೆಳೆಯುವ ಗಡ್ಡೆ. ಇದು ಹೆಚ್ಚಿನ ಪಾಲು ಕ್ಯಾನ್ಸರ್ ಅಲ್ಲ. ಆದರೂ ಮೆದುಳನ್ನು ಒತ್ತುವುದರಿಂದ ಕೆಲವೊಮ್ಮೆ ತಲೆಬುರುಡೆ ತೆರೆದು ತೆಗೆಯಬೇಕಾಗುತ್ತದೆ. ಇಂಥ ಶಸ್ತ್ರಚಿಕಿತ್ಸೆಗೆ ಒಳಗಾದ 18,061 ಮಹಿಳೆಯರನ್ನು ಅದೇ ವಯೋಮಾನದ, ಗಡ್ಡೆಯಿಲ್ಲದ 90,305 ಮಹಿಳೆಯರ ಜೊತೆ ಸಂಶೋಧಕರು ಹೋಲಿಸಿದರು. ಅಂತರಾದಲ್ಲಿರುವ ಔಷಧಿಯಾದ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಚುಚ್ಚುಮದ್ದನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಪಡೆದವರಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವ ಗಡ್ಡೆಯ ಸಾಧ್ಯತೆ ಸುಮಾರು ಐದೂವರೆ ಪಟ್ಟು ಹೆಚ್ಚೆಂದು ಲೆಕ್ಕ ಸಿಕ್ಕಿತು. ಶೀರ್ಷಿಕೆಗಳಲ್ಲಿ ಮೆರೆದದ್ದು ಈ ಐದೂವರೆ ಪಟ್ಟು.

ಆದರೆ ಆ ಲೆಕ್ಕ ನಿಂತಿರುವ ತಳಹದಿಯನ್ನೂ ನೋಡಬೇಕು. ಗಡ್ಡೆಯಿದ್ದ 18,061 ಮಂದಿಯಲ್ಲಿ ಈ ಚುಚ್ಚುಮದ್ದು ಪಡೆದಿದ್ದವರು 9 ಮಂದಿ. ಗಡ್ಡೆಯಿಲ್ಲದ 90,305 ಮಂದಿಯಲ್ಲಿ 11 ಮಂದಿ. ಫ್ರಾನ್ಸಿನಲ್ಲಿ ಈ ಚುಚ್ಚುಮದ್ದಿನ ಬಳಕೆ ತೀರಾ ವಿರಳವಾದ್ದರಿಂದ ಅಂಕಿಗಳು ಇಷ್ಟು ಸಣ್ಣವಾಗಿವೆ. ಸಣ್ಣ ಅಂಕಿಯ ಮೇಲೆ ನಿಂತ ಅನುಪಾತ ಸುಳ್ಳೆಂದು ಹೇಳಲಾಗದು, ಆದರೆ ಅದು ಗಟ್ಟಿಯಾಗಿ ನೆಲೆಯೂರಿದ ಸಂಖ್ಯೆಯೂ ಅಲ್ಲ. ಮೂಲದಲ್ಲೇ ವಿರಳವಾದ ಕಾಯಿಲೆಯ ವಿಷಯದಲ್ಲಿ ‘ಪಟ್ಟು’ ಎಂಬ ಮಾತು ಕೇಳಲು ದೊಡ್ಡದು. ವರ್ಷಕ್ಕೆ ಒಂದು ಲಕ್ಷ ಮಹಿಳೆಯರಲ್ಲಿ ಹತ್ತು ಮಂದಿಗೆ ಈ ಗಡ್ಡೆ ಕಾಣಿಸಿಕೊಳ್ಳುತ್ತದೆ ಎಂದು ಧಾರಾಳವಾಗಿಯೇ ಇಟ್ಟುಕೊಂಡರೂ, ಐದೂವರೆ ಪಟ್ಟು ಎಂದರೆ ಲಕ್ಷಕ್ಕೆ ಐವತ್ತೈದು. ಉಳಿದ 99,945 ಮಂದಿಗೆ ಅದು ಬರುವುದಿಲ್ಲ. ಹೋಲಿಕೆಗೆ ಇನ್ನೊಂದು ಸಂಖ್ಯೆ: ಜನನ-ಮರಣಗಳ ಲೆಕ್ಕವಿಡುವ ಸರ್ಕಾರಿ ಸಮೀಕ್ಷೆಯಾದ ಮಾದರಿ ನೋಂದಣಿ ವ್ಯವಸ್ಥೆಯ 2018–20ರ ಅಂಕಿಗಳ ಪ್ರಕಾರ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಸಾಯುತ್ತಿದ್ದರು. ಮೊದಲನೆಯದು ಹೆಚ್ಚಾಗಿ ಚಿಕಿತ್ಸೆಯಿಂದ ವಾಸಿಯಾಗುವ ಗಡ್ಡೆ, ಎರಡನೆಯದು ಸಾವು. ಇವೆರಡೂ ಒಂದೇ ತಕ್ಕಡಿಯವಲ್ಲ ಎಂಬುದು ನಿಜ. ಆದರೆ ಬೇಡವಾದ ಗರ್ಭಕ್ಕೂ ಒಂದು ಅಪಾಯವಿದೆ ಎಂಬುದನ್ನು ಮರೆತು ಔಷಧಿಯ ಅಪಾಯವನ್ನು ಮಾತ್ರ ಎಣಿಸುವ ಲೆಕ್ಕ ಅರ್ಧ ಲೆಕ್ಕವಾಗುತ್ತದೆ.

ಹಾಗೆಂದು ಎಚ್ಚರಿಕೆ ಅನಗತ್ಯವೇ? ಅಲ್ಲ. ಹಿಂದೆ ಮೆನಿಂಜಿಯೋಮಾ ಇದ್ದವರಿಗೆ ಈ ಚುಚ್ಚುಮದ್ದು ಕೊಡಬಾರದು. ಬಳಸುತ್ತಿರುವಾಗ ಬಿಡದ ತಲೆನೋವು, ದೃಷ್ಟಿಯಲ್ಲಿ ಬದಲಾವಣೆ, ಕೈಕಾಲಿನಲ್ಲಿ ಬಲಹೀನತೆ ಕಾಣಿಸಿಕೊಂಡರೆ ಪರೀಕ್ಷೆ ಮಾಡಿಸಬೇಕು. ವರ್ಷಗಟ್ಟಲೆ ಮುಂದುವರಿಸುವ ಮೊದಲು ವೈದ್ಯರೊಡನೆ ಮರುಚಿಂತನೆ ನಡೆಸಬೇಕು. ಅದೇ ಅಧ್ಯಯನದಲ್ಲಿ ಹಾರ್ಮೋನ್ ಸೂಸುವ, ಗರ್ಭಕೋಶದೊಳಗೆ ಇಡುವ ಸಾಧನಕ್ಕೆ ಇಂಥ ನಂಟು ಕಂಡುಬರಲಿಲ್ಲ ಎಂಬುದನ್ನು ಹೆಚ್ಚಿನ ವರದಿಗಳು ಹೇಳದೆ ಬಿಟ್ಟವು.

ಬ್ರಿಟನ್ನಿನಲ್ಲಿ ಒಮ್ಮೆ ನಡೆದದ್ದು

ಭಯಕ್ಕೂ ಪರಿಣಾಮವಿದೆ ಎಂಬುದಕ್ಕೆ 1995ರ ಒಂದು ಪ್ರಕರಣ ಸಾಕ್ಷಿ. ಆ ವರ್ಷದ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಆಗಿನ ಹೊಸ ತಲೆಮಾರಿನ ಗರ್ಭನಿರೋಧಕ ಗುಳಿಗೆಗಳಿಂದ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇಮ್ಮಡಿಯಾಗುತ್ತದೆ ಎಂದು ವೈದ್ಯರಿಗೆ ತುರ್ತು ಪತ್ರ ಕಳಿಸಿತು. ಇಮ್ಮಡಿ ಎಂಬುದು ನಿಜವೇ ಆಗಿತ್ತು. ಸುಮಾರು ಏಳು ಸಾವಿರದಲ್ಲಿ ಒಬ್ಬರಿಗೆ ಆಗುತ್ತಿದ್ದುದು ಇಬ್ಬರಿಗೆ ಆಗುವಂತಿತ್ತು. ಪತ್ರಿಕೆಗಳು ‘ನೂರಕ್ಕೆ ನೂರರಷ್ಟು ಹೆಚ್ಚಳ’ ಎಂದು ಬರೆದವು. ಗಾಬರಿಗೊಂಡ ಮಹಿಳೆಯರು ತಿಂಗಳ ನಡುವೆಯೇ ಗುಳಿಗೆ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾಗಿ ನಡೆದವೆಂದು ಅಂದಾಜಿಸಲಾಗಿದೆ. ವಿಪರ್ಯಾಸವೆಂದರೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಗುಳಿಗೆ ನುಂಗುವಾಗ ಇರುವುದಕ್ಕಿಂತ ಗರ್ಭಿಣಿಯಾಗಿರುವಾಗ ಹೆಚ್ಚು, ಹೆರಿಗೆಯ ನಂತರದ ಕೆಲವು ವಾರಗಳಲ್ಲಿ ಇನ್ನೂ ಬಹಳ ಹೆಚ್ಚು. ಯಾವುದಕ್ಕೆ ಹೆದರಿ ಗುಳಿಗೆ ಬಿಟ್ಟರೋ ಅದರ ಹತ್ತಿರಕ್ಕೇ ಎಷ್ಟೋ ಮಂದಿ ನಡೆದುಹೋದಂತಾಯಿತು.

ಅಲ್ಲಿ ಭಯ ಗರ್ಭಪಾತಕ್ಕೆ ದಾರಿ ಮಾಡಿತು. ಇಲ್ಲಿ ಅದು ಎಲ್ಲಿಗೆ ದಾರಿ ಮಾಡುತ್ತದೆ ಎಂಬುದಕ್ಕೆ ಬರುವ ಮೊದಲು, ವಿಧಾನಗಳ ‘ಯಶಸ್ಸು’ ಅಳೆಯುವ ರೀತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಪುಸ್ತಕದ ಲೆಕ್ಕ, ಸಂಸಾರದ ಲೆಕ್ಕ

ಪ್ರತಿ ವಿಧಾನಕ್ಕೂ ಎರಡು ವೈಫಲ್ಯ ದರಗಳಿವೆ. ಒಂದು, ಸೂಚನೆಗಳನ್ನು ಒಂದು ದಿನವೂ ತಪ್ಪದೆ ಪಾಲಿಸಿದರೆ ಬರುವುದು. ಇನ್ನೊಂದು, ಮರೆವು, ದಣಿವು, ಅತ್ತೆಮನೆಯ ಪ್ರಯಾಣ, ಮುಗಿದುಹೋದ ದಾಸ್ತಾನು ಎಲ್ಲವೂ ಇರುವ ನಿಜಜೀವನದಲ್ಲಿ ಬರುವುದು. ಅಮೆರಿಕದಲ್ಲಿ ನಡೆದ ಅಧ್ಯಯನಗಳ ಪ್ರಕಾರ ನೂರು ಮಹಿಳೆಯರು ಒಂದು ವರ್ಷ ಗುಳಿಗೆಯನ್ನು ಚಾಚೂ ತಪ್ಪದೆ ನುಂಗಿದರೆ ಗರ್ಭಿಣಿಯಾಗುವವರು ಒಬ್ಬರಿಗಿಂತ ಕಡಿಮೆ. ಸಾಮಾನ್ಯವಾಗಿ ಜನ ನುಂಗುವ ರೀತಿಯಲ್ಲಿ ನುಂಗಿದರೆ ಸುಮಾರು ಏಳು ಮಂದಿ. ಕಾಂಡೋಮಿಗೆ ಈ ಅಂಕಿಗಳು ಎರಡು ಮತ್ತು ಹದಿಮೂರು. ಮೂರು ತಿಂಗಳ ಚುಚ್ಚುಮದ್ದಿಗೆ ಒಂದಕ್ಕಿಂತ ಕಡಿಮೆ ಮತ್ತು ನಾಲ್ಕು. ಏನನ್ನೂ ಬಳಸದಿದ್ದರೆ ನೂರರಲ್ಲಿ ಎಂಬತ್ತೈದು.

ತಾಮ್ರದ ಕಾಪರ್-ಟಿ, ನಮ್ಮ ಹಳ್ಳಿಗಳಲ್ಲಿ ‘ವಂಕಿ’ ಎಂದು ಕರೆಯುವ ಸಾಧನ, ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಹೆಚ್ಚುಕಡಿಮೆ ಅಳಿಸಿಬಿಡುತ್ತದೆ. ಒಮ್ಮೆ ಒಳಗಿಟ್ಟ ಮೇಲೆ ದಿನವೂ ನೆನಪಿಡಬೇಕಾದ ಕೆಲಸವಿಲ್ಲವಾದ್ದರಿಂದ ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿ ಗರ್ಭಿಣಿಯಾಗುತ್ತಾರೆ. ಹೆಣ್ಣಿನ ಆಪರೇಷನ್ನಿನ ದರವೂ ಹಾಗೆಯೇ, ಮೊದಲ ವರ್ಷಕ್ಕೆ ನೂರರಲ್ಲಿ ಅರ್ಧ. ಇಲ್ಲಿ ನಿಂತು ಯೋಚಿಸಬೇಕಾದ ಸಂಗತಿಯೊಂದಿದೆ: ಹತ್ತು ವರ್ಷ ಕೆಲಸ ಮಾಡುವ, ಬೇಡವೆನಿಸಿದ ದಿನ ಕೆಲವೇ ನಿಮಿಷಗಳಲ್ಲಿ ತೆಗೆಸಬಹುದಾದ ವಂಕಿಗೂ, ಹೊಟ್ಟೆ ಕೊಯ್ದು ನಾಳ ಕಟ್ಟುವ ಶಾಶ್ವತ ಚಿಕಿತ್ಸೆಗೂ ಗರ್ಭ ತಡೆಯುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ‘ಆಪರೇಷನ್ ಆದರೆ ನಿಶ್ಚಿಂತೆ’ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಹೆಸರಾಂತ ಅಧ್ಯಯನದಲ್ಲಿ, ಆಪರೇಷನ್ ಆದ ಸಾವಿರ ಮಂದಿಗೆ ಹದಿನೆಂಟಕ್ಕೂ ಹೆಚ್ಚು ಮಂದಿ ಹತ್ತು ವರ್ಷದೊಳಗೆ ಮತ್ತೆ ಗರ್ಭಿಣಿಯಾಗಿದ್ದರು. ಚಿಕ್ಕ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಿತ್ತು. ಆಪರೇಷನ್ ವಿಫಲವಾದ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯವೆಂದು ತೀರ್ಮಾನಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಹೇಳಿದ್ದೂ ಈ ಸಹಜ ವೈಫಲ್ಯವನ್ನು ಗಮನಿಸಿಯೇ.

ಚುಚ್ಚುಮದ್ದು ಇಲ್ಲಿಗೆ ಬಂದ ದಾರಿ

ಅಂತರಾ ಕುರಿತ ಅನುಮಾನ ಇಂದು ನಿನ್ನೆಯದಲ್ಲ. ಚುಚ್ಚುಮದ್ದಿನ ಗರ್ಭನಿರೋಧಕದ ಪ್ರಯೋಗಗಳ ವಿರುದ್ಧ ಮಹಿಳಾ ಸಂಘಟನೆಗಳು 1986ರಲ್ಲೇ ಸುಪ್ರೀಂ ಕೋರ್ಟಿನ ಮೊರೆ ಹೋಗಿದ್ದವು. 1990ರ ದಶಕದಲ್ಲಿ ಖಾಸಗಿ ಮಾರುಕಟ್ಟೆಗೆ ಈ ಔಷಧಿಗೆ ಒಪ್ಪಿಗೆ ಸಿಕ್ಕಿದರೂ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿಸುವುದು ಬೇಡವೆಂದು ಔಷಧ ತಾಂತ್ರಿಕ ಸಲಹಾ ಮಂಡಳಿ ಹೇಳಿತ್ತು. ಅದೇ ಮಂಡಳಿ 2015ರಲ್ಲಿ ಒಪ್ಪಿತು. 2017ರಲ್ಲಿ ‘ಅಂತರಾ’ ಚುಚ್ಚುಮದ್ದು ‘ಛಾಯಾ’ ಗುಳಿಗೆಯ ಜೊತೆಗೆ ಸರ್ಕಾರಿ ಕಾರ್ಯಕ್ರಮದಲ್ಲಿ ಕಾಲಿಟ್ಟಿತು.

ವಿರೋಧಿಗಳ ವಾದವನ್ನು ಬರಿಯ ಭೀತಿಯೆಂದು ತಳ್ಳಿಹಾಕುವಂತಿಲ್ಲ. ಚುಚ್ಚಿದ ಔಷಧಿಯನ್ನು ಹಿಂದಕ್ಕೆ ತೆಗೆಯಲಾಗದು. ಅಡ್ಡಪರಿಣಾಮ ಕಾಣಿಸಿಕೊಂಡರೆ ಮೂರು ತಿಂಗಳು ಅನುಭವಿಸಲೇಬೇಕು. ಮುಟ್ಟು ಏರುಪೇರಾಗುವುದು, ಕೆಲವರಿಗೆ ಪೂರ್ತಿ ನಿಂತೇ ಹೋಗುವುದು ಸಾಮಾನ್ಯ. ದೀರ್ಘಕಾಲ ಬಳಸಿದರೆ ಮೂಳೆಯ ಸಾಂದ್ರತೆ ತಗ್ಗುತ್ತದೆ ಎಂಬ ಕಾರಣಕ್ಕೆ ಅಮೆರಿಕದ ನಿಯಂತ್ರಕರು 2004ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದ್ದರು. ನಿಲ್ಲಿಸಿದ ಮೇಲೆ ಮತ್ತೆ ಗರ್ಭ ನಿಲ್ಲಲು ಹಲವು ತಿಂಗಳು ತಡವಾಗಬಹುದು. ಇವೆಲ್ಲವನ್ನೂ ವಿವರಿಸಿ ಹೇಳುವ, ತೊಂದರೆಯಾದಾಗ ನೋಡಿಕೊಳ್ಳುವ ವ್ಯವಸ್ಥೆ ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಇದೆಯೇ ಎಂಬುದು ಅವರ ಪ್ರಶ್ನೆ. ಪರವಾಗಿರುವವರ ಉತ್ತರವೂ ಅಷ್ಟೇ ನೇರವಾದದ್ದು: ಗಂಡನ, ಅತ್ತೆಯ ಕಣ್ಣಿಗೆ ಬೀಳದಂತೆ ಹೆಣ್ಣು ತಾನೇ ತೀರ್ಮಾನಿಸಿ ಬಳಸಬಹುದಾದ ವಿಧಾನಗಳು ಕೆಲವೇ, ಅವುಗಳಲ್ಲೊಂದನ್ನು ಮುಚ್ಚಿದರೆ ಆಕೆಗೆ ಉಳಿಯುವುದು ಮತ್ತೆ ಆಪರೇಷನ್ನೇ. ಈ ಎರಡು ವಾದಗಳು ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಮುಟ್ಟು ನಿಂತಾಗ ‘ಇದು ಔಷಧಿಯ ಪರಿಣಾಮ, ಗರ್ಭವಲ್ಲ, ಕೆಟ್ಟ ರಕ್ತ ಒಳಗೆ ಸೇರಿಕೊಂಡಿಲ್ಲ’ ಎಂದು ಮೊದಲೇ ಹೇಳಿಸಿಕೊಂಡ ಮಹಿಳೆ ಎರಡನೆಯ ಚುಚ್ಚುಮದ್ದಿಗೆ ಮರಳುತ್ತಾಳೆ, ಹೇಳಿಸಿಕೊಳ್ಳದವಳು ಮರಳುವುದಿಲ್ಲ.

ಜೊತೆಗೆ ಬಂದ ಛಾಯಾ ಗುಳಿಗೆಯ ಕಥೆ ಬೇರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು ಹಿಂದೆ ‘ಸಹೇಲಿ’ ಎಂದು ಹೆಸರಾಗಿದ್ದ ಈ ಸೆಂಟ್‌ಕ್ರೊಮನ್ ಗುಳಿಗೆಯಲ್ಲಿ ಸ್ಟೀರಾಯ್ಡ್ ಹಾರ್ಮೋನುಗಳಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಎದೆಹಾಲುಣಿಸುವ ತಾಯಂದಿರೂ ಬಳಸಬಹುದು. ಇಷ್ಟೆಲ್ಲ ಅನುಕೂಲವಿದ್ದೂ ನಮ್ಮಲ್ಲೇ ಹುಟ್ಟಿದ ಈ ಗುಳಿಗೆಯನ್ನು ಕೇಳಿ ಪಡೆಯುವವರು ಕಡಿಮೆ.

ಕರ್ನಾಟಕದಲ್ಲಿ ಆಯ್ಕೆ ಎಂದರೆ ಆಪರೇಷನ್

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 57.4 ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡಿದ್ದರು. ದೇಶದ ಸರಾಸರಿ ಶೇ. 37.9. ಹಿಂದಿನ ಸಮೀಕ್ಷೆಯಲ್ಲಿ ನಮ್ಮ ಪ್ರಮಾಣ ಶೇ. 48.6 ಇತ್ತು. ಅಂದರೆ ಹೊಸ ವಿಧಾನಗಳು ಕಾರ್ಯಕ್ರಮಕ್ಕೆ ಸೇರುತ್ತಿದ್ದ ಕಾಲದಲ್ಲೇ ಆಪರೇಷನ್ನಿನ ಪಾಲು ಏರಿದೆ. ರಾಜ್ಯದಲ್ಲಿ ಯಾವುದಾದರೂ ಆಧುನಿಕ ವಿಧಾನ ಬಳಸುವವರು ಶೇ. 68ರಷ್ಟಿದ್ದಾರೆ; ಅವರಲ್ಲಿ ಆರು ಮಂದಿಗೆ ಐವರು ಬಳಸುವುದು ಇದೊಂದನ್ನೇ.

ಇದಕ್ಕೆ ಕಾರಣಗಳ ಸರಪಳಿಯಿದೆ. 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21.3 ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಬೇಗ ಮದುವೆ, ಬೆನ್ನಿಗೇ ಮೊದಲ ಮಗು, ಅದಕ್ಕೆ ಅಂಟಿಕೊಂಡಂತೆ ಎರಡನೆಯದು. ‘ಆರತಿಗೊಂದು, ಕೀರ್ತಿಗೊಂದು’ ಎಂಬ ಹಳೆಯ ಘೋಷಣೆ ಎಷ್ಟು ಮಕ್ಕಳೆಂದು ಹೇಳಿತು, ಎರಡರ ನಡುವೆ ಎಷ್ಟು ಅಂತರವೆಂದು ಅಷ್ಟು ಗಟ್ಟಿಯಾಗಿ ಹೇಳಲಿಲ್ಲ. ರಾಜ್ಯದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್ ಆಗಿರುವಾಗ, ಎರಡನೆಯ ಸಿಸೇರಿಯನ್ನಿನ ಹೊತ್ತಿಗೆ ‘ಹೇಗೂ ಹೊಟ್ಟೆ ತೆರೆದಿದೆ, ಇದನ್ನೂ ಮುಗಿಸಿಬಿಡೋಣ’ ಎಂಬ ತೀರ್ಮಾನ ಎಲ್ಲರಿಗೂ ಅನುಕೂಲವಾಗುತ್ತದೆ. ಬಾಣಂತನಕ್ಕೆ ತವರಿಗೆ ಬಂದಾಗಲೇ ಆಪರೇಷನ್ ಆಗಿಬಿಟ್ಟರೆ ಮತ್ತೊಮ್ಮೆ ವಿಶ್ರಾಂತಿ ಕೇಳುವ ಪ್ರಸಂಗವಿಲ್ಲ. ಆರೋಗ್ಯ ವ್ಯವಸ್ಥೆಗೂ ಇದು ಸುಲಭ: ಗುಳಿಗೆಗೆ ತಿಂಗಳು ತಿಂಗಳು ದಾಸ್ತಾನು ಬೇಕು, ಚುಚ್ಚುಮದ್ದಿಗೆ ದಿನ ನೆನಪಿಸಬೇಕು, ಆಪರೇಷನ್ನನ್ನು ಒಮ್ಮೆ ವಹಿಯಲ್ಲಿ ಬರೆದರೆ ಮುಗಿಯಿತು.

ಫಲವಾಗಿ ಇಪ್ಪತ್ತೈದರ ಆಸುಪಾಸಿನಲ್ಲೇ ಸಂತಾನಶಕ್ತಿಯ ಅಧ್ಯಾಯ ಮುಚ್ಚಿಹೋಗುತ್ತದೆ. ಮಗುವೊಂದನ್ನು ಕಳೆದುಕೊಂಡರೆ, ಮರುಮದುವೆಯಾದರೆ, ಕಟ್ಟಿದ ನಾಳವನ್ನು ಮತ್ತೆ ಜೋಡಿಸುವ ಚಿಕಿತ್ಸೆ ದುಬಾರಿ, ಫಲಿತಾಂಶವೂ ಖಾತ್ರಿಯಿಲ್ಲ. ಕಾಂಡೋಮ್ ಒಂದೇ ಲೈಂಗಿಕ ಸೋಂಕುಗಳಿಂದ ರಕ್ಷಿಸುವ ವಿಧಾನ. ಗರ್ಭದ ಭಯ ಹೋದ ಮನೆಯಲ್ಲಿ ಅದಕ್ಕೆ ಜಾಗವಿರುವುದಿಲ್ಲ.

ಆಪರೇಷನ್ನಿನಿಂದಾದ ಸಾವುಗಳಿಗೆ ಚುಚ್ಚುಮದ್ದಿನ ಸುದ್ದಿಯಂತೆ ದೀರ್ಘಾಯುಷ್ಯವಿಲ್ಲ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಒಬ್ಬರೇ ಶಸ್ತ್ರವೈದ್ಯರು ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಿದರು. ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. ದೇವಿಕಾ ಬಿಸ್ವಾಸ್ ಅವರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2016ರಲ್ಲಿ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಆದೇಶಿಸಿತು. ಸತ್ತವರನ್ನು ಕಂಡು ಆಪರೇಷನ್ನನ್ನೇ ಬಿಡಬೇಕೆಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ತಪ್ಪು ವಿಧಾನದ್ದಲ್ಲ, ಮಾಡಿದ ರೀತಿಯದು ಎಂದು ಎಲ್ಲರೂ ಸರಿಯಾಗಿಯೇ ಗುರುತಿಸಿದರು. ಚುಚ್ಚುಮದ್ದಿನ ವಿಷಯದಲ್ಲಿ ಈ ವಿವೇಚನೆ ಕಾಣೆಯಾಗುವುದೇಕೆ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಗಂಡಸರ ಪಾಲು ಸೊನ್ನೆಯಾದ ಕಥೆ

ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಪುರುಷರ ಸಂತಾನಹರಣ ಚಿಕಿತ್ಸೆಯ ಪ್ರಮಾಣ ಶೇ. 0.0 ಎಂದು ದಾಖಲಾಗಿದೆ, ದೇಶದ್ದು ಶೇ. 0.3. ವೈದ್ಯಕೀಯವಾಗಿ ನೋಡಿದರೆ ಇದು ತಲೆಕೆಳಗಾದ ಲೆಕ್ಕ. ಪುರುಷರ ವ್ಯಾಸೆಕ್ಟಮಿಗೆ, ಅಂದರೆ ವೀರ್ಯನಾಳ ಕತ್ತರಿಸುವ ಚಿಕಿತ್ಸೆಗೆ, ಹೊಟ್ಟೆ ತೆರೆಯಬೇಕಿಲ್ಲ, ಪೂರ್ಣ ಅರಿವಳಿಕೆ ಬೇಕಿಲ್ಲ. ಈಗಿನ ಕೊಯ್ಯದ ವಿಧಾನದಲ್ಲಿ ಹೊಲಿಗೆಯೂ ಬೇಕಿಲ್ಲ, ಅದೇ ದಿನ ಮನೆಗೆ ಹೋಗಬಹುದು. ವೈಫಲ್ಯ ದರ ಹೆಣ್ಣಿನ ಆಪರೇಷನ್ನಿಗಿಂತ ಕಡಿಮೆ. ಗಂಡಸುತನಕ್ಕೆ, ಹೊಲದ ದುಡಿಮೆಗೆ ಕುಂದಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪುರುಷ ಹಾರ್ಮೋನು ರಕ್ತಕ್ಕೆ ನೇರವಾಗಿ ಸೇರುವುದೇ ಹೊರತು ಕತ್ತರಿಸುವ ಆ ನಾಳದ ಮೂಲಕ ಹರಿಯುವುದಿಲ್ಲ. ಒಂದೇ ಷರತ್ತು: ಚಿಕಿತ್ಸೆಯ ನಂತರ ಮೂರು ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.

ಒಂದು ಕಾಲಕ್ಕೆ ಭಾರತದಲ್ಲಿ ನಡೆಯುತ್ತಿದ್ದ ಸಂತಾನಹರಣ ಚಿಕಿತ್ಸೆಗಳಲ್ಲಿ ಗಂಡಸರದ್ದೇ ಮೇಲುಗೈ ಇತ್ತು. 1971ರಲ್ಲಿ ಕೇರಳದ ಎರ್ನಾಕುಲಂ ಶಿಬಿರದಲ್ಲಿ ಒಂದೇ ತಿಂಗಳಿಗೆ ಅರವತ್ತು ಸಾವಿರಕ್ಕೂ ಹೆಚ್ಚು ವ್ಯಾಸೆಕ್ಟಮಿಗಳಾದವು. ಆಮೇಲೆ ಬಂದದ್ದು ತುರ್ತು ಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಮೀರಿ ಸಂತಾನಹರಣ ಚಿಕಿತ್ಸೆಗಳು ನಡೆದವು, ಬಹುಪಾಲು ಗಂಡಸರ ಮೇಲೆ, ಎಷ್ಟೋ ಕಡೆ ಬಲವಂತದಿಂದ. ಸರ್ಕಾರ ಚುನಾವಣೆಯಲ್ಲಿ ಬಿತ್ತು. ಅಲ್ಲಿಂದ ಮುಂದೆ ಯಾವ ಸರ್ಕಾರವೂ ಗಂಡಸರನ್ನು ಮುಟ್ಟುವ ಧೈರ್ಯ ಮಾಡಲಿಲ್ಲ. ಕಾರ್ಯಕ್ರಮದ ಭಾರವೆಲ್ಲ, ಪ್ರತಿಭಟಿಸುವ ಶಕ್ತಿ ಕಡಿಮೆಯಿದ್ದವರ ಮೇಲೆ ಜಾರಿತು.

ಐಐಟಿ ಖರಗಪುರದ ಸುಜಯ್ ಗುಹಾ ರೂಪಿಸಿದ, ವೀರ್ಯನಾಳಕ್ಕೆ ಕೊಡುವ ‘ರಿಸಗ್’ ಚುಚ್ಚುಮದ್ದಿನ ಮೂರನೆಯ ಹಂತದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾದಾಗ ‘ಗಂಡಸರಿಗೂ ಬಂತು’ ಎಂದು ಸಂಭ್ರಮಿಸಿದವರಿದ್ದಾರೆ. 303 ಪುರುಷರ ಮೇಲೆ ನಡೆದ ಆ ಪ್ರಯೋಗದಲ್ಲಿ ಅದು ಪರಿಣಾಮಕಾರಿಯಾಗಿ ಕಂಡಿತು. ಆದರೆ ಈಗಾಗಲೇ ಸುಲಭ, ಸುರಕ್ಷಿತ, ಉಚಿತವಾಗಿರುವ ವ್ಯಾಸೆಕ್ಟಮಿಯನ್ನೇ ಒಪ್ಪದ ಗಂಡಸರು ಇನ್ನೊಂದು ಸೂಜಿಗೆ ಸಾಲುಗಟ್ಟುತ್ತಾರೆಂದು ನಂಬಲು ಹೆಚ್ಚು ಆಧಾರವಿಲ್ಲ.

ವಂಕಿಯನ್ನು ಒಲ್ಲೆನ್ನುವುದೇಕೆ

ಆಪರೇಷನ್ನಿನಷ್ಟೇ ಪರಿಣಾಮಕಾರಿಯಾದ ವಂಕಿಯನ್ನು ದೇಶದಲ್ಲಿ ಬಳಸುವವರು ಶೇ. 2.1 ಮಾತ್ರ. 1965ರಲ್ಲಿ ಸರ್ಕಾರ ‘ಲಿಪ್ಪಿಸ್ ಲೂಪ್’ ಎಂಬ ಪ್ಲಾಸ್ಟಿಕ್ ಸಾಧನವನ್ನು ಗುರಿ ನಿಗದಿಪಡಿಸಿ ಹಳ್ಳಿಹಳ್ಳಿಗೆ ಒಯ್ದಿತು. ಹಾಕಿದವರು ಮುಂದಿನ ಊರಿಗೆ ಹೋದರು, ರಕ್ತಸ್ರಾವವಾದವರನ್ನು ನೋಡುವವರಿರಲಿಲ್ಲ. ಆ ನೆನಪು ತಾಯಿಯಿಂದ ಮಗಳಿಗೆ ದಾಟಿದೆ.

ಆದರೆ ಎಲ್ಲವೂ ತಪ್ಪು ಕಲ್ಪನೆಯಲ್ಲ. ತಾಮ್ರದ ವಂಕಿ ಮುಟ್ಟಿನ ರಕ್ತಸ್ರಾವವನ್ನು ಹೆಚ್ಚಿಸುತ್ತದೆ. ರಾಜ್ಯದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇರುವಾಗ ಇದು ಸಣ್ಣ ತೊಂದರೆಯೆನ್ನಲಾಗದು. ಸ್ರಾವವನ್ನು ತಗ್ಗಿಸುವ ಹಾರ್ಮೋನ್ ಸಾಧನ ಖಾಸಗಿ ಆಸ್ಪತ್ರೆಗಳಲ್ಲಿ ಸಾವಿರಾರು ರೂಪಾಯಿ ಬೆಲೆಗೆ ಸಿಗುತ್ತದೆ. ಹಾಗಾಗಿ ‘ಅತ್ಯುತ್ತಮ ವಿಧಾನ ಯಾವುದು’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ: ರಕ್ತಹೀನತೆಯಿರುವವರಿಗೆ ಒಂದು, ಮೂವತ್ತೈದು ದಾಟಿದ, ಧೂಮಪಾನ ಅಥವಾ ರಕ್ತದೊತ್ತಡವಿರುವವರಿಗೆ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಲ್ಲದ ಮತ್ತೊಂದು, ಎರಡು ವರ್ಷದಲ್ಲಿ ಮಗು ಬೇಕೆನ್ನುವವರಿಗೆ ಮಗದೊಂದು.

ತುರ್ತು ಮಾತ್ರೆಯ ಸುತ್ತಲಿನ ಗದ್ದಲ

ತುರ್ತು ಗರ್ಭನಿರೋಧಕ ಮಾತ್ರೆ ಇನ್ನು ವೈದ್ಯರ ಚೀಟಿ ಇಲ್ಲದೆ ಸಿಗುವುದಿಲ್ಲವೆಂದು 2024ರಲ್ಲಿ ಹರಡಿದ ಸುದ್ದಿ ಇನ್ನೊಂದು ಗೊಂದಲ ಹುಟ್ಟಿಸಿತು. ನಿಯಮದಲ್ಲಿ ಬದಲಾವಣೆಯಿಲ್ಲ ಎಂದು ಆಗ ಸ್ಪಷ್ಟನೆ ಬಂತು. ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ಇರುವ ಈ ಮಾತ್ರೆಯನ್ನು ಅಸುರಕ್ಷಿತ ಸಂಭೋಗವಾದ 72 ಗಂಟೆಯೊಳಗೆ, ಆದಷ್ಟು ಬೇಗ ನುಂಗಬೇಕು. ಅದು ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತದೆ. ಈಗಾಗಲೇ ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ, ಗರ್ಭಪಾತದ ಮಾತ್ರೆಯೇ ಬೇರೆ. ತಿಂಗಳು ತಿಂಗಳು ಇದನ್ನೇ ನೆಚ್ಚಿಕೊಂಡವರಿಗೆ ವಿಷಕ್ಕಿಂತ ಹೆಚ್ಚಾಗಿ ವೈಫಲ್ಯದ ಅಪಾಯವಿದೆ, ಏಕೆಂದರೆ ನಿತ್ಯದ ವಿಧಾನಗಳಷ್ಟು ಅದು ನಂಬಿಕಸ್ಥವಲ್ಲ. ಗರ್ಭನಿರೋಧಕ ವಿಫಲವಾಗಿ ಗರ್ಭ ನಿಂತಲ್ಲಿ, 2021ರ ತಿದ್ದುಪಡಿಯ ನಂತರ ಕಾನೂನು ಅವಿವಾಹಿತೆಯರಿಗೂ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ.

ಹೆಚ್ಚು ಹೆರಿ ಎಂಬ ಕರೆಯೂ ಆಪರೇಷನ್ನೂ

ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಲ್ಲಿ ಜನಸಂಖ್ಯೆ ಕಡಿಮೆಯಿರುವ ದಕ್ಷಿಣದ ರಾಜ್ಯಗಳು ಸ್ಥಾನ ಕಳೆದುಕೊಂಡಾವು ಎಂಬ ಆತಂಕದಿಂದಲೂ ಹೆಚ್ಚು ಮಕ್ಕಳ ಮಾತು ಹುಟ್ಟಿದೆ. ಕರ್ನಾಟಕದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 1.7, ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಹಾಗಾದರೆ ಗರ್ಭನಿರೋಧಕಗಳ ಪೂರೈಕೆ ಕಡಿಮೆ ಮಾಡಬೇಕೇ ಎಂದು ಕೇಳುವವರು, ಈ ಇಳಿಕೆ ಯಾವ ವಿಧಾನದಿಂದ ಬಂತೆಂದು ನೋಡುವುದಿಲ್ಲ. ಇಪ್ಪತ್ತೈದಕ್ಕೇ ಆಪರೇಷನ್ ಆದ ಮಹಿಳೆ, ಮೂವತ್ತೆರಡರಲ್ಲಿ ಮನೆಯ ಆರ್ಥಿಕ ಸ್ಥಿತಿ ಸುಧಾರಿಸಿ ಇನ್ನೊಂದು ಮಗು ಬೇಕೆಂದರೂ ಪಡೆಯಲಾರಳು. ತಾತ್ಕಾಲಿಕ ವಿಧಾನ ಬಳಸುತ್ತಿದ್ದವಳಿಗೆ ಆ ಬಾಗಿಲು ತೆರೆದಿರುತ್ತದೆ. ಮಕ್ಕಳ ಸಂಖ್ಯೆ ಹೆಚ್ಚಲಿ ಎನ್ನುವ ರಾಜಕಾರಣಿಗೂ, ಹೆಣ್ಣಿನ ದೇಹದ ಮೇಲೆ ಯಾರ ಗುರಿಯೂ ಬೇಡ ಎನ್ನುವವರಿಗೂ ಒಪ್ಪಿಗೆಯಾಗಬಹುದಾದ ಸಂಗತಿ ಇದೊಂದೇ ಇರಬೇಕು.

ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲಿ ತೆರೆದ ಜನನ ನಿಯಂತ್ರಣ ಕ್ಲಿನಿಕ್ಕುಗಳನ್ನು ಸರ್ಕಾರವೊಂದು ನಡೆಸಿದ ಜಗತ್ತಿನ ಮೊದಲ ಕ್ಲಿನಿಕ್ಕುಗಳೆಂದು ಇತಿಹಾಸಕಾರರು ಗುರುತಿಸುತ್ತಾರೆ. ಅಂದಿನಿಂದ ತೊಂಬತ್ತು ವರ್ಷ ಕಳೆದರೂ ಇಲ್ಲಿನ ಬಹುಪಾಲು ಮಹಿಳೆಯರ ಮುಂದಿರುವ ಆಯ್ಕೆ ಒಂದೇ.

ತೋಳಿನಲ್ಲಿ ಕಡ್ಡಿ: ಹಾಕುವವರು ಸರಿ, ತೆಗೆಯುವವರು?

ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಆಯ್ದ ಕಡೆಗಳಲ್ಲಿ ಸರ್ಕಾರ ಪರಿಚಯಿಸುತ್ತಿರುವ ಇಂಪ್ಲಾಂಟ್ ಈ ಪಟ್ಟಿಯ ಹೊಸ ಹೆಸರು. ಬೆಂಕಿಕಡ್ಡಿಯಷ್ಟಿರುವ ಮೆತ್ತನೆಯ ಕಡ್ಡಿಯನ್ನು ತೋಳಿನ ಒಳಬದಿಯ ಚರ್ಮದಡಿ ಸೇರಿಸಿದರೆ ಮೂರು ವರ್ಷ ಸ್ವಲ್ಪಸ್ವಲ್ಪವಾಗಿ ಹಾರ್ಮೋನ್ ಬಿಡುಗಡೆಯಾಗುತ್ತದೆ. ವೈಫಲ್ಯ ದರ ವರ್ಷಕ್ಕೆ ಸಾವಿರದಲ್ಲಿ ಒಬ್ಬರಷ್ಟು, ಆಪರೇಷನ್ನಿಗಿಂತಲೂ ಕಡಿಮೆ. ಚುಚ್ಚುಮದ್ದಿನ ವಿರುದ್ಧ ಇದ್ದ ದೊಡ್ಡ ಆಕ್ಷೇಪ, ಹಿಂದಕ್ಕೆ ತೆಗೆಯಲಾಗದು ಎಂಬುದು, ಇದಕ್ಕೆ ಅನ್ವಯಿಸುವುದಿಲ್ಲ. ಹೊರತೆಗೆದ ಮೇಲೆ ಗರ್ಭಧಾರಣೆಯ ಸಾಧ್ಯತೆ ಬೇಗನೆ ಮರಳುತ್ತದೆ. ಮುಟ್ಟಿನ ಏರುಪೇರು ಮಾತ್ರ ಇಲ್ಲಿಯೂ ಇದೆ, ತೆಗೆಸಲು ಬರುವವರ ಮುಖ್ಯ ಕಾರಣವೂ ಅದೇ.

ಇಲ್ಲೇ ಕಾರ್ಯಕ್ರಮದ ನಿಜವಾದ ಪರೀಕ್ಷೆ. 1990ರ ದಶಕದಲ್ಲಿ ಇಂಡೊನೇಷ್ಯಾ ಆರು ಕಡ್ಡಿಗಳ ‘ನಾರ್‌ಪ್ಲಾಂಟ್’ ಅನ್ನು ಲಕ್ಷಗಟ್ಟಲೆ ಮಹಿಳೆಯರಿಗೆ ಶಿಬಿರಗಳಲ್ಲಿ ಹಾಕಿತು. ಹಾಕುವ ತರಬೇತಿ ಪಡೆದವರು ಹಲವರಿದ್ದರು, ತೆಗೆಯಲು ಬಲ್ಲವರು ಕಡಿಮೆಯಿದ್ದರು. ಅವಧಿ ಮುಗಿದ ಮೇಲೂ, ತೊಂದರೆಯಾಗಿ ಬೇಡವೆಂದಾಗಲೂ ತೆಗೆಸಿಕೊಳ್ಳಲು ಮಹಿಳೆಯರು ಅಲೆದರು. ಹಾಕಿದ ಕಡ್ಡಿ ಆಳಕ್ಕೆ ಹೋಗಿದ್ದರೆ ಅದನ್ನು ಹುಡುಕಿ ತೆಗೆಯಲು ಕೈಯ ಪಳಗಿಕೆ ಬೇಕು, ಕೆಲವೊಮ್ಮೆ ಸ್ಕ್ಯಾನಿಂಗ್ ಕೂಡ. ತಾಲ್ಲೂಕು ಆಸ್ಪತ್ರೆಯ ವಹಿಯಲ್ಲಿ ಎಷ್ಟು ಇಂಪ್ಲಾಂಟ್ ಹಾಕಲಾಯಿತೆಂಬ ಅಂಕಣದ ಪಕ್ಕದಲ್ಲಿ, ಕೇಳಿದ ದಿನವೇ ಎಷ್ಟನ್ನು ತೆಗೆದುಕೊಡಲಾಯಿತೆಂಬ ಅಂಕಣವೂ ಇರುತ್ತದೆಯೇ ಎಂಬುದನ್ನು ಮುಂದಿನ ಎರಡು ಮೂರು ವರ್ಷ ಗಮನಿಸಬೇಕು. ಮೊದಲ ಕಡ್ಡಿಗಳ ಮೂರು ವರ್ಷದ ಅವಧಿ ಮುಗಿಯುವುದೂ ಆ ಹೊತ್ತಿಗೇ.